ಹತ್ತನೆಯ ದಿನದ ಟಿಕ್ಕು

ಬೆಳಿಗ್ಗೆ ಎದ್ದಾಗಿನಿಂದ ಅವನ ತೋರುಬೆರಳು ತನ್ನ ಪಾಡಿಗೆ ತಾನು ಎಣಿಸುತ್ತಿತ್ತು. ಬಸ್ಸಿನಲ್ಲಿ ಮುಂದೆ ಕೂತವರ ತಲೆ ಎಣಿಸಿತು, ಶಾಲೆಯ ಗೇಟಿನ ಕಂಬಿ ಎಣಿಸಿತು, ಸಾಲದ್ದಕ್ಕೆ ಸ್ಟಾಫ್ ರೂಮಿನ ಗೋಡೆ ಹತ್ತುತ್ತಿದ್ದ ಇರುವೆಗಳನ್ನೂ ಎಣಿಸಲು ಹೊರಟಿತು. ಜೇಬಿಗೆ ತುರುಕಿದರೆ ಜೇಬಿನೊಳಗೇ ತೊಡೆಯ ಮೇಲೆ ಎಣಿಸಿತು. ಥತ್, ಸುಮ್ಮನಿರು ಅಂತ ಗದರಿಕೊಂಡ. ಎಪ್ಪತ್ತೆರಡು ಮಕ್ಕಳಿದ್ದರೆ ಮೂವರು ಮೇಷ್ಟ್ರು. ಎಪ್ಪತ್ತೊಂದಾದರೆ ಇಬ್ಬರು. ಇಬ್ಬರೇ ಸಾಕು ಅಂತಾದರೆ ಹೊರಗೆ ಹೋಗಬೇಕಾದವನು ಕೊನೆಗೆ ಸೇರಿದವನು, ಅಂದರೆ ತಾನು. ಇಷ್ಟು ಲೆಕ್ಕ ಐದನೇ ಕ್ಲಾಸಿನ ದಡ್ಡನಿಗೂ ಬರುತ್ತದೆ, ಬೆರಳು ಮಡಿಸಬೇಕಾಗಿಲ್ಲ. ಈ ಶಾಲೆಗೆ ಬಂದು ಆರು ವರ್ಷವಾದರೂ ಅವನು ಇನ್ನೂ ಹೊಸ ಮೇಷ್ಟ್ರೇ. ಅವನಾದ ಮೇಲೆ ಇಲ್ಲಿಗೆ ಯಾರೂ ಬಂದಿಲ್ಲವಲ್ಲ, ಇನ್ನೊಬ್ಬ ಹೊಸಬ ಬಂದು ಅವನನ್ನು ಹಳಬನನ್ನಾಗಿ ಮಾಡುವುದಾದರೂ ಹೇಗೆ? ಮಕ್ಕಳು ಹೊಸ ಮೇಷ್ಟ್ರು ಅನ್ನುತ್ತಿದ್ದರು, ಮಕ್ಕಳ ಅಪ್ಪಅಮ್ಮಂದಿರೂ ಅನ್ನುತ್ತಿದ್ದರು, ಒಂದು ಸಲ ಸಿಟ್ಟು ಬಂದಾಗ ಹೆಂಡತಿಯೂ ಅಂದಿದ್ದಳು. ಇವತ್ತು ಹನ್ನೊಂದು ಗಂಟೆಗೆ ಜಿಲ್ಲಾ ಕಚೇರಿಯಿಂದ ಎಣಿಕೆ ಸಾಹೇಬರು ಬರುವವರಿದ್ದರು.

ಹಾಜರಿ ಪುಸ್ತಕವನ್ನು ಮೂರನೇ ಸಲ ತೆಗೆದ. ಆರನೇ ಕ್ಲಾಸಿನ ಪುಟದಲ್ಲಿ ಕಣ್ಣು ನೆಟ್ಟಗೆ ಆ ಹುಡುಗಿಯ ಸಾಲಿಗೇ ಹೋಗಿ ಕೂತಿತು, ನಾಲಿಗೆ ಮುರಿದ ಹಲ್ಲಿನ ಕಡೆಗೇ ಹೋಗುವಂತೆ. ಒಂಬತ್ತು ಮನೆಗಳಲ್ಲಿ ಗೈರು, ಹತ್ತನೆಯ ಮನೆಯಲ್ಲಿ ನೀಲಿ ಟಿಕ್ಕು, ಆಮೇಲೆ ಮತ್ತೆ ಎರಡು ಗೈರು. ಆ ಟಿಕ್ಕು ಕಳೆದ ಗುರುವಾರದ್ದು. ಗುರುವಾರ ಹುಡುಗಿ ಬಂದಿರಲಿಲ್ಲ. ನಿಯಮ ಇರುವುದು ಹೀಗೆ: ಹತ್ತು ದಿನ ಸತತ ಬರದ ಮಗುವಿನ ಹೆಸರು ಪುಸ್ತಕದಿಂದ ಹೋಗುತ್ತದೆ. ಹೋಗುವ ಮುಂಚೆ ಮನೆಗೊಂದು ಕಾಗದ ಬರೆಯಬೇಕು, ಮೇಷ್ಟ್ರೊಬ್ಬರು ಮನೆಯ ತನಕ ಹೋಗಿ ಮಗು ಎಲ್ಲಿ ಅಂತ ಕೇಳಿ ಬರಬೇಕು. ಹತ್ತನೆಯ ದಿನ ಒಂದು ಟಿಕ್ಕು ಬಿತ್ತೋ, ಹೆಸರೂ ಉಳಿಯಿತು, ಕಾಗದವೂ ಬೇಡ, ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ, ಮತ್ತೆ ಒಂದರಿಂದ ಎಣಿಕೆ. ಇದನ್ನು ಅವನೇನು ಕಂಡುಹಿಡಿದದ್ದಲ್ಲ. ಅವನು ಬರುವುದಕ್ಕೆ ಮುಂಚಿನಿಂದಲೂ ಈ ಶಾಲೆಯಲ್ಲಿ ನಡೆದುಬಂದದ್ದು, ಬಾಗಿಲಿಗೆ ಎಣ್ಣೆ ಹಾಕುವಷ್ಟು ಸಹಜವಾಗಿ. ಹೆಡ್ ಮೇಡಂ ಬಾಯಿಬಿಟ್ಟು ಹಾಕಿ ಅಂತ ಯಾವತ್ತೂ ಅಂದವರಲ್ಲ. ಬಾಗಿಲಲ್ಲಿ ನಿಂತು, "ಆ ಹುಡುಗಿಗೆ ಇವತ್ತು ಎಷ್ಟನೇ ದಿನ, ಹೊಸ ಮೇಷ್ಟ್ರೇ?" ಅಂತ ಕೇಳುವರು. "ಹತ್ತು, ಮೇಡಂ." "ಓಹೋ," ಅಂದು ಹೊರಟುಹೋಗುವರು. ಅವರ ಚಪ್ಪಲಿಯ ಸದ್ದು ಕಾರಿಡಾರಿನ ಕೊನೆ ಮುಟ್ಟುವುದರೊಳಗೆ ಟಿಕ್ಕು ಬಿದ್ದಿರುತ್ತಿತ್ತು. ಗುರುವಾರವೂ ಅಷ್ಟೇ. ಟಿಕ್ಕು ಹಾಕುವಾಗ ಪೆನ್ನು ಒಂದು ಗಳಿಗೆ ಹಿಡಿಯಿತು, ಶಾಯಿ ಬರಲಿಲ್ಲ, ಅವನು ಪೆನ್ನು ಕೊಡವಿ ಮತ್ತೆ ಹಾಕಿದ. ಹಾಗಾಗಿ ಆ ಟಿಕ್ಕು ಉಳಿದವುಗಳಿಗಿಂತ ದಪ್ಪವಾಗಿತ್ತು.

ಮೊದಲೆಲ್ಲ ಇದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಮರದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಈ ಶಾಲೆಯಲ್ಲಿ ಇನ್ನೂರು ಚಿಲ್ಲರೆ ಮಕ್ಕಳಿದ್ದರಂತೆ. ಬೆಂಚು ಸಾಲದೆ ಕಿಟಕಿಯ ಕಟ್ಟೆಯ ಮೇಲೆ ಕೂರಿಸುತ್ತಿದ್ದರಂತೆ. ಕಾರ್ಖಾನೆ ಮುಚ್ಚಿತು, ಮದುವೆಯಾಗುವ ವಯಸ್ಸಿನವರೆಲ್ಲ ಜಾಗ ಖಾಲಿ ಮಾಡಿದರು, ಆಮೇಲೆ ಹುಟ್ಟುವವರು ಯಾರು, ಶಾಲೆಗೆ ಬರುವವರು ಯಾರು? ಸುತ್ತಮುತ್ತ ಐದಿದ್ದ ಶಾಲೆ ನಾಲ್ಕಾಯಿತು, ನಾಲ್ಕು ಮೂರಾಯಿತು. ಈ ಶಾಲೆ ಬದುಕಿದ್ದು ಹೊಳೆಯ ಹತ್ತಿರ ಎದ್ದ ಪ್ಯಾಕಿಂಗ್ ಶೆಡ್ಡಿನಿಂದ. ತರಕಾರಿ ಹೆಚ್ಚಿ, ಚೀಲಕ್ಕೆ ತುಂಬಿ, ಚೀಲದ ಬಾಯಿಯನ್ನು ಕಾದ ಪಟ್ಟಿಯಲ್ಲಿ ಒತ್ತಿ ಬೆಸೆಯುವ ಕೆಲಸ. ಎಲ್ಲಿಂದಲೋ ಜನ ಬಂದರು, ಅವರ ಜೊತೆ ಮಕ್ಕಳು ಬಂದರು, ಸೀಸನ್ನು ಮುಗಿದರೆ ಹೇಳದೆ ಕೇಳದೆ ಹೋದರು. ಶೆಡ್ಡಿನ ಮಕ್ಕಳು ಇರುವುದೇ ಹಾಗೆ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅವನೂ ಹೇಳುತ್ತಿದ್ದ. ಹೇಳುವಾಗ ನಾಲಿಗೆಗೆ ಎಷ್ಟು ಹಗುರ! ಆದರೆ ಮುಚ್ಚಿದ ಎರಡು ಶಾಲೆಗಳಲ್ಲಿ ಒಂದು ಅವನದಾಗಿತ್ತು. ಅದು ಮುಚ್ಚಿದಾಗ ಜಿಲ್ಲಾ ಕಚೇರಿಯವರು ಅವನನ್ನು ಹೆಚ್ಚುವರಿ ಅಂತ ಬರೆದುಕೊಂಡು, ಎರಡು ತಿಂಗಳು ಕಚೇರಿಯ ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದ್ದರು. ದಿನಾ ಹತ್ತಕ್ಕೆ ಹೋಗಿ ಕೂರಬೇಕು, ಐದಕ್ಕೆ ಎದ್ದು ಬರಬೇಕು. ಜವಾನ ಕಸ ಗುಡಿಸುತ್ತಾ ಬಂದು, "ಹೆಚ್ಚುವರಿ, ಸ್ವಲ್ಪ ಕಾಲೆತ್ತಿ," ಅನ್ನುತ್ತಿದ್ದ. ಅವನು ಕಾಲೆತ್ತುತ್ತಿದ್ದ. ಈಗಲೂ ಮನೆಯಲ್ಲಿ ಹೆಂಡತಿ ಪೊರಕೆ ಹಿಡಿದು ಬಂದರೆ ಅವಳು ಹೇಳುವ ಮೊದಲೇ ಅವನ ಎರಡೂ ಕಾಲು ಮೇಲೇಳುತ್ತಿದ್ದವು. "ಇದೇನ್ರೀ, ನಾನಿನ್ನೂ ಅಲ್ಲಿಗೆ ಬಂದೇ ಇಲ್ಲ," ಅಂತ ಅವಳು ನಗುತ್ತಿದ್ದಳು. ಅವಳಿಗೆ ಆ ಬೆಂಚಿನ ವಿಷಯ ಹೇಳಿರಲಿಲ್ಲ, ಕಚೇರಿಯಲ್ಲೇ ಏನೋ ಕೆಲಸ ಕೊಟ್ಟಿದ್ದಾರೆ ಅಂದಿದ್ದ.

ಹುಡುಗಿಯ ಮನೆಯವರು ಬೇರೆ ಶೆಡ್ಡಿಗೆ ಹೊರಟುಹೋಗಿರಬೇಕು ಅಂತ ತನಗೆ ತಾನೇ ಹೇಳಿಕೊಂಡಿದ್ದ. ಹಾಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಹೋಗಿಲ್ಲ ಅಂತ ಅವನಿಗೆ ಗೊತ್ತಿತ್ತು. ಎರಡು ವಾರದ ಹಿಂದೆ ಗೇಟಿನ ಹತ್ತಿರ ಅವಳ ಚಿಕ್ಕಪ್ಪ ಸಿಕ್ಕಿದ್ದ. ಶೆಡ್ಡಿನ ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ತಂದು ಬಿಡುವ ವ್ಯಾನು ಅವನದೇ. ಮಕ್ಕಳನ್ನು ಇಳಿಸಿ, ಅದೇ ವ್ಯಾನಿನಲ್ಲಿ ಸೇತುವೆ ಆಚೆಯ ಎರಡನೇ ಶೆಡ್ಡಿಗೆ ಕೂಲಿಯವರನ್ನು ಒಯ್ಯುತ್ತಿದ್ದ. ಮಕ್ಕಳು ಇಳಿದರು, ಬಾಗಿಲು ಎಳೆದುಕೊಂಡಿತು, ಒಳಗೆ ಹಿಂದಿನ ಸೀಟಿನಲ್ಲಿ ಒಂದು ಸಣ್ಣ ತಲೆ ಹಾಗೇ ಇತ್ತು. "ಅವಳು ಇಳಿಯಲ್ವಾ?" ಅಂತ ಅವನು ಕೇಳಿದ್ದ. ಕೇಳಿದ್ದ, ಕೇಳಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಚಿಕ್ಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕ. "ಅಯ್ಯೋ ಬಿಡಿ ಮೇಷ್ಟ್ರೇ. ನಿಮಗೆ ಹೆಸರು ಬೇಕು, ನಮಗೆ ಕೈ ಬೇಕು. ಹೆಸರು ನಿಮ್ಮ ಹತ್ರಾನೇ ಇರಲಿ, ನಾವೇನು ಕಿತ್ಕೊಳ್ತೀವಾ?" ಇವನೂ ನಕ್ಕ. ತಮಾಷೆ ಅಂತ ತಿಳಿದವನ ಹಾಗೆ ನಕ್ಕ. ಆ ನಗು ಈಗ ನೆನಪಾದರೆ ಕಿವಿಯ ತುದಿ ಬಿಸಿಯಾಗುತ್ತಿತ್ತು. ಆಮೇಲೆ ಒಂಬತ್ತು ಬೆಳಗೂ ಅವನು ವ್ಯಾನು ಬರುವ ಹೊತ್ತಿಗೆ ಗೇಟಿನ ಹತ್ತಿರ ಇರದಂತೆ ನೋಡಿಕೊಂಡ. ಮಕ್ಕಳ ಹಾಜರಿಗೆ ಕಣ್ಣಿಟ್ಟ ಮೇಷ್ಟ್ರಿಗೆ ಅಷ್ಟೂ ದಿನ ಬೆಳಿಗ್ಗೆ ಸ್ಟಾಫ್ ರೂಮಿನ ಬೀರುವಿನಲ್ಲೇ ಏನೋ ಹುಡುಕುವ ಕೆಲಸ.

ಎಣಿಕೆ ಸಾಹೇಬರು ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಸಣ್ಣ ಆಳು, ಬೂಟಿನ ತುಂಬ ಧೂಳು, ಮೂಗು ಸೋರುತ್ತಿತ್ತು. ಹೆದರುವುದಕ್ಕೆ ಇಂಥವರೇ ಬೇಕಾ ಅಂತ ಒಂದು ಕ್ಷಣ ಅನ್ನಿಸಿತು. ಮಕ್ಕಳನ್ನು ಅಂಗಳದಲ್ಲಿ ಸಾಲು ನಿಲ್ಲಿಸಿದರು. ಸಾಹೇಬರು ಪೆನ್ಸಿಲಿನ ತುದಿಯಿಂದ ಗಾಳಿಯಲ್ಲಿ ಕುಕ್ಕುತ್ತಾ ನಡೆದರು, ಹಿಂದೆ ಹೆಡ್ ಮೇಡಂ, ಅವರ ಹಿಂದೆ ಅವನು, ಜೇಬಿನೊಳಗೆ ಅವನ ಬೆರಳು. "ಎಪ್ಪತ್ತೊಂದು," ಅಂದರು ಸಾಹೇಬರು. "ಒಬ್ಬಳಿಗೆ ಹುಷಾರಿಲ್ಲ ಸಾರ್," ಅಂದರು ಮೇಡಂ, ಕಣ್ಣು ಮಿಟುಕಿಸದೆ. ಸಾಹೇಬರು ಮೂಗೊರೆಸಿಕೊಂಡು ಅವನ ಕಡೆ ತಿರುಗಿದರು. "ನಿಮ್ಮ ಮಕ್ಕಳು ಯಾರಾದರೂ ಇದ್ದಾರಾ ಇದರಲ್ಲಿ?" ಸುಮ್ಮನೆ ಮಾತಿಗೆ ಕೇಳಿದ್ದು. ಆದರೂ ಅವನಿಗೆ ಬೆವರು ಬಂತು. ಅವನ ಮಗಳು ಪೇಟೆಯ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದಳು, ಅದೇ ಬೆಳಗಿನ ಬಸ್ಸು, ಅವನು ಇಳಿಯುವ ಕಡೆ ಅವಳು ಇಳಿಯುತ್ತಿರಲಿಲ್ಲ ಅಷ್ಟೇ. "ಇಲ್ಲ ಸಾರ್, ಒಬ್ಬಳು ಮಗಳು, ಅವಳು... ಅವಳಮ್ಮನಿಗೆ ಅನುಕೂಲ ಅಂತ..." "ಹ್ಞೂಂ ಹ್ಞೂಂ," ಅಂದರು ಸಾಹೇಬರು. "ನನ್ನದೂ ಪೇಟೆಯಲ್ಲೇ." ಮೇಡಂ ಆಕಾಶ ನೋಡಿದರು. ಸಾಲಿನಲ್ಲಿ ನಿಂತ ಎಪ್ಪತ್ತೊಂದು ಮಕ್ಕಳೂ ಕೇಳಿಸಿಕೊಂಡರು ಅಂತ ಅವನಿಗೆ ಅನ್ನಿಸಿತು.

ಒಳಗೆ ಬಂದು ಮೇಡಂ ಕೋಣೆಯಲ್ಲಿ ಕೂತ ಮೇಲೆ ಸಾಹೇಬರು ಪುಸ್ತಕ ತಿರುವಿದರು. ಅವನು ಬಾಗಿಲ ಪಕ್ಕ ನಿಂತಿದ್ದ. ಕೂರಿ ಅಂತ ಯಾರೂ ಹೇಳಿರಲಿಲ್ಲ. ಒಂದು ಪುಟ, ಎರಡು ಪುಟ, ಆರನೇ ಕ್ಲಾಸು. ಪೆನ್ಸಿಲು ಮೇಲಿನಿಂದ ಕೆಳಕ್ಕೆ ಜಾರುತ್ತಾ ಬಂದು ಒಂದು ಕಡೆ ನಿಂತಿತು. ಎಲ್ಲಿ ನಿಂತಿದೆ ಅಂತ ಅವನು ನೋಡಬೇಕಾಗಿರಲಿಲ್ಲ. "ಒಂಬತ್ತು ದಿನ ಇಲ್ಲ. ಗುರುವಾರ ಒಂದು ದಿನ ಇದ್ದಾಳೆ. ಆಮೇಲೆ ಮತ್ತೆ ಇಲ್ಲ. ಇವತ್ತು ಹುಷಾರಿಲ್ಲ," ಅಂದರು ಸಾಹೇಬರು, ಕತೆ ಓದುವವರ ಹಾಗೆ. ತಲೆಯೆತ್ತಿ ನೋಡಿದ ಕಣ್ಣು ನೆಗಡಿಯಿಂದ ಕೆಂಪಾಗಿತ್ತು. "ಗುರುವಾರ ಬಂದಿದ್ದಳಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ ಇರಬೇಕು, ಅವನ ಕೈ ತನ್ನಷ್ಟಕ್ಕೆ ಜೇಬಿನ ಪೆನ್ನಿಗೆ ಹೋಯಿತು. ಇಲ್ಲ ಅಂದರೆ ಸುಳ್ಳು ಹಾಜರಿ, ಬೆಂಚು ಕೂಡ ಸಿಗಲಿಕ್ಕಿಲ್ಲ. ಬಂದಿದ್ದಳು ಅಂದರೆ, ಕ್ಲಾಸಿಗೆ ಹೋಗಿ ಯಾವ ಮಗುವನ್ನು ಕೇಳಿದರೂ ನಿಜ ಹೊರಗೆ ಬೀಳುತ್ತದೆ, ಮಕ್ಕಳಿಗೆ ಟಿಕ್ಕಿನ ಮರ್ಯಾದೆ ಗೊತ್ತಿಲ್ಲ. ಅಷ್ಟರಲ್ಲಿ ಕಿಟಕಿಯಾಚೆ ಗೇಟು ಕಿರ್ರೆಂದಿತು. ಒಬ್ಬ ಹೆಂಗಸು ಶೆಡ್ಡಿನ ಹಸಿರು ಮೇಲಂಗಿಯಲ್ಲೇ ದಾಪುಗಾಲು ಹಾಕಿಕೊಂಡು ಬರುತ್ತಿದ್ದಳು, ಅವಳ ಕೈ ಹಿಡಿದು ಆ ಹುಡುಗಿ.

ಮೊದಲು ಅವನಿಗೆ ಆದದ್ದು ಸಂತೋಷ. ಅದನ್ನು ಅವನು ಆಮೇಲೆ ಎಷ್ಟು ಮುಚ್ಚಿಟ್ಟುಕೊಂಡರೂ ನಿಜ. ಅಬ್ಬಾ, ಎಪ್ಪತ್ತೆರಡು! ಹುಡುಗಿ ಬದುಕಿದ್ದಾಳೆ ಅಂತಲ್ಲ, ಚೆನ್ನಾಗಿದ್ದಾಳೆ ಅಂತಲ್ಲ, ಎಪ್ಪತ್ತೆರಡು ಅಂತ. ಮೇಡಂಗೂ ಹಾಗೇ ಆಗಿರಬೇಕು. "ನೋಡಿ ಸಾರ್, ಅವಳೇ ಬಂದಳು! ನೂರು ವರ್ಷ ಆಯಸ್ಸು!" ಅಂತ ಕುರ್ಚಿಯಿಂದ ಅರ್ಧ ಎದ್ದರು. ತಾಯಿ ಬಾಗಿಲಲ್ಲಿ ನಿಂತಳು. ಓಡಿಬಂದದ್ದರಿಂದ ಏದುಸಿರು. ಯಾರು ಸಾಹೇಬರು ಯಾರು ಮೇಡಂ ನೋಡಲಿಲ್ಲ, ನೆಟ್ಟಗೆ ಅವನನ್ನೇ ಕೇಳಿದಳು. "ಹೊಸ ಮೇಷ್ಟ್ರು ನೀವೇ ಅಲ್ವಾ? ಗುರುವಾರ ಇವಳಿಗೆ ಏನಾಯ್ತು ಇಲ್ಲಿ?" ಹುಡುಗಿಯ ಅಂಗಿಯ ಉದ್ದ ತೋಳನ್ನು ಮೊಳಕೈ ತನಕ ಸರಿಸಿದಳು. ಮುಂಗೈ ಮೇಲೆ ಅಡ್ಡಕ್ಕೆ ಒಂದು ಸುಟ್ಟ ಬರೆ, ಸ್ಕೇಲಿಟ್ಟು ಎಳೆದಷ್ಟು ನೇರ, ಅಂಚಿನಲ್ಲಿ ಚರ್ಮ ಏಳುತ್ತಿತ್ತು. "ಸ್ಟಾಫ್ ರೂಮಲ್ಲಿ ನಿಮಗೆ ಟೀ ಕಾಯಿಸೋಕೆ ಹೋಗಿ ಸ್ಟೌವಿನ ಕಂಬಿ ತಾಗ್ತು ಅಂತಾಳೆ. ಐದು ದಿನ ನನಗೆ ತೋರಿಸಿಯೇ ಇಲ್ಲ, ತೋಳು ಮುಚ್ಕೊಂಡೇ ಮಲಗಿದಾಳೆ. ನಂದು ಬೆಳಗಿನ ಪಾಳಿ, ಇವಳು ಏಳೋ ಮುಂಚೆ ಹೊರಟಿರ್ತೀನಿ, ನೋಡೋದಾದ್ರೂ ಯಾವಾಗ? ಇವತ್ತು ನಂಗೆ ಮಧ್ಯಾಹ್ನದ ಪಾಳಿ, ಕೈ ತೊಳೆಸುವಾಗ ನೋಡಿದೆ." ಅವಳ ದನಿ ಸಣ್ಣದಾಯಿತು. ತನ್ನ ತೋಳನ್ನೂ ಸರಿಸಿದಳು. ಅಲ್ಲೂ ಅಂಥದೇ ಬರೆಗಳು, ಹಳೆಯವು, ಬೆಳ್ಳಗೆ, ಒಂದರ ಕೆಳಗೆ ಒಂದು. "ಇದು ಚೀಲ ಬೆಸೆಯೋ ಮಷೀನಿಂದು. ಇವಳದ್ದೂ ಹಾಗೇ ಇದೆ. ನಂಗೆ ನಿದ್ದೆ ಹತ್ತಲ್ಲ ಇನ್ನು. ನೀವು ಹೇಳಿ ಮೇಷ್ಟ್ರೇ, ಇಲ್ಲೇ ಆಗಿದ್ದು ತಾನೆ?"

ಸ್ಟಾಫ್ ರೂಮಿನಲ್ಲಿ ಸ್ಟೌವೇ ಇರಲಿಲ್ಲ. ಟೀ ಎದುರಿನ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಬರುತ್ತಿತ್ತು. ಮೇಡಂಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು. ಸಾಹೇಬರ ಪೆನ್ಸಿಲು ಇನ್ನೂ ಗುರುವಾರದ ಮನೆಯ ಮೇಲೇ ಇತ್ತು. ತಾಯಿಯ ಮುಖ ನೋಡಿದ. ಆ ಮುಖ ಅವನ ಕಡೆ ಕೈಚಾಚಿ ಬೇಡುತ್ತಿತ್ತು, ಹೌದು ಅನ್ನು, ಒಂದು ಸಲ ಹೌದು ಅಂದುಬಿಡು, ಅಂತ. ಕೋಣೆಯಲ್ಲಿದ್ದವರಿಗೆಲ್ಲ ಅದೇ ಮಾತು ಬೇಕಾಗಿತ್ತು. ಹುಡುಗಿಗೆ ಮಾತ್ರ ಏನು ಬೇಕಾಗಿತ್ತೋ. ಅವಳು ಅವನನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ, ಕಪ್ಪು ಹಲಗೆಯ ಮೇಲೆ ಲೆಕ್ಕದ ಉತ್ತರ ಬರೆಯುವುದನ್ನು ಕಾಯುವ ಹಾಗೆ. ಇಲ್ಲ ಅನ್ನು, ಅವನೊಳಗೆ ಏನೋ ಕೂಗಿತು, ಇಲ್ಲ ಅಂದರೆ ಇವತ್ತೇ ಇವಳು ಆ ವ್ಯಾನಿನಿಂದ ಇಳಿದ ಹಾಗೆ. ಅವನಿಗೆ ಗೊತ್ತಿತ್ತು. ಇದಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು ಅವನ ಬದುಕಿನಲ್ಲಿ ಬೇರೇನೂ ಇರಲಿಲ್ಲ. ಅದರ ಜೊತೆಗೇ ಕಾರಿಡಾರಿನ ಬೆಂಚು, ಪೊರಕೆ, ಎತ್ತಿದ ಎರಡು ಕಾಲು. "ಹೌದಮ್ಮ," ಅಂದ. "ಇಲ್ಲೇ ಆಗಿದ್ದು. ನನ್ನ ಕಣ್ಣೆದುರಿಗೇ. ನಾನೇ ಟೀ ತಾ ಅಂದಿದ್ದೆ." ದನಿ ಸ್ವಲ್ಪವೂ ನಡುಗಲಿಲ್ಲ. ಹೆದರಿಕೆಗೆ ಇಷ್ಟು ಒಳ್ಳೆ ದನಿ ಇರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

ತಾಯಿ ಗೋಡೆಗೆ ಒರಗಿಕೊಂಡಳು. "ಸದ್ಯ," ಅಂದಳು. "ಸದ್ಯ ಕಣ್ರೀ. ನಾನು ಏನೇನೋ ಅಂದ್ಕೊಂಡು... ಇವಳ ಚಿಕ್ಕಪ್ಪನ ಮೇಲೇ ಅನುಮಾನ ಪಟ್ಟುಬಿಟ್ಟೆ, ಪಾಪ." ಆಮೇಲೆ, ಹೆದರಿಕೆ ಇಳಿದ ಮೇಲೆ ಬರುವ ಸಿಟ್ಟು ಬಂತು. "ಅಲ್ಲ ಮೇಷ್ಟ್ರೇ, ಮಕ್ಕಳ ಕೈಲಿ ಟೀ ಕಾಯಿಸ್ತೀರಾ? ನಾವು ಮೈ ಸುಟ್ಕೊಂಡು ದುಡಿಯೋದು ಇವರು ಹೀಗೆ ಸುಟ್ಕೊಳ್ಳದಿರಲಿ ಅಂತ. ಓದ್ಸೋಕೆ ಇಟ್ಟಿದಾರೋ ನಿಮ್ಮನ್ನ, ಚಾಕರಿ ಮಾಡಿಸ್ಕೊಳ್ಳೋಕೋ?" ಬಯ್ಯುತ್ತಾ ಹೋದಳು, ಅವನು ತಲೆ ತಗ್ಗಿಸಿ ಕೇಳುತ್ತಾ ಹೋದ. ಮಾಡದ ತಪ್ಪಿಗೆ ಬೈಗುಳ ತಿನ್ನುವುದರಲ್ಲಿ ಒಂದು ಹಿತವಿತ್ತು, ಥೂ, ಹಿತವೇ ಇತ್ತು. ಇನ್ನೂ ಬಯ್ಯಲಿ ಅನ್ನಿಸಿತು. "ತಪ್ಪಾಯ್ತಮ್ಮ, ಇನ್ನೊಂದ್ಸಲ ಆಗಲ್ಲ," ಅಂದ. ಸಾಹೇಬರು ಲೊಚಗುಟ್ಟಿದರು. "ಇದು ಸರಿಯಲ್ಲ ಮೇಷ್ಟ್ರೇ. ಮೇಲಕ್ಕೆ ಬರೆಯುವುದಿಲ್ಲ, ಆದರೆ ಸರಿಯಲ್ಲ." ಪೆನ್ಸಿಲು ಗುರುವಾರದ ಮನೆಯಿಂದ ಎದ್ದಿತು. ಎಪ್ಪತ್ತೆರಡು ಅಂತ ಕೆಳಗೆ ಬರೆದು ಗೀಟು ಹಾಕಿ ಸಹಿ ಮಾಡಿದರು. ಮೇಡಂ ಫ್ಲಾಸ್ಕಿನಿಂದ ಟೀ ಬಗ್ಗಿಸಿದರು. ತಾಯಿ ಫ್ಲಾಸ್ಕನ್ನು ನೋಡಿದಳು, ಒಂದು ಕ್ಷಣ ನೋಡಿದಳು, ಆಮೇಲೆ ಪಾಳಿಗೆ ಹೊತ್ತಾಯಿತು ಅಂತ ಹುಡುಗಿಯ ತಲೆ ಸವರಿ, ಬಂದಷ್ಟೇ ಬಿರುಸಾಗಿ ಹೊರಟುಹೋದಳು.

ಹುಡುಗಿಯನ್ನು ಕ್ಲಾಸಿಗೆ ಕರೆದುಕೊಂಡು ಹೋಗಿ ಅಂದರು ಮೇಡಂ. ಕಾರಿಡಾರಿನಲ್ಲಿ ಅವರಿಬ್ಬರೇ. ಬೀಸುವ ದೊಣ್ಣೆ ತಪ್ಪಿತ್ತು. ಹುಡುಗಿ ತೋಳನ್ನು ಕೆಳಗೆ ಎಳೆದು, ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದಳು. ಅವನು ಸಹಾಯ ಮಾಡಲಿಲ್ಲ, ಆ ಕೈ ಮುಟ್ಟಲು ಹೆದರಿಕೆಯಾಯಿತು. "ಇವತ್ತು ಕೂತ್ಕೋಬೇಕಾ, ಇಲ್ಲಾ ಹೋಗ್ಲಾ ಮೇಷ್ಟ್ರೇ?" ಅಂತ ಕೇಳಿದಳು. ಕುಹಕ ಇರಲಿಲ್ಲ, ದೂರು ಇರಲಿಲ್ಲ, ಕೆಲಸದ ಹೊತ್ತು ಕೇಳಿಕೊಳ್ಳುವವಳ ಹಾಗೆ ಕೇಳಿದಳು. "ಕೂತ್ಕೋ," ಅಂದ. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಕೇಳಿಸದ ಹಾಗೆ, "ಅಮ್ಮನ ಹತ್ರ ನೀನ್ಯಾಕೆ ನಿಜ ಹೇಳ್ಲಿಲ್ಲ?" ಅಂತ ಕೇಳಿದ. ತಾನು ಕೇಳುವ ಪ್ರಶ್ನೆಯೇ ಇದು ಅಂತ ನಾಚಿಕೆಯಾಗುವಷ್ಟರಲ್ಲಿ ಮಾತು ಹೊರಗೆ ಬಿದ್ದಿತ್ತು.

ಹುಡುಗಿ ಆಶ್ಚರ್ಯದಿಂದ ಅವನ ಮುಖ ನೋಡಿದಳು. "ಚಿಕ್ಕಪ್ಪ ಹೇಳಿದ್ರಲ್ಲ. ನಾನು ಬಾಯಿ ಬಿಟ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ. ನಿಮಗೂ ಒಬ್ಳು ಮಗಳಿದಾಳಂತೆ." ಗುಂಡಿ ಕೊನೆಗೂ ಕಾಜದೊಳಗೆ ಹೋಯಿತು. "ನಾನು ಯಾರ ಹತ್ರಾನೂ ಹೇಳಿಲ್ಲ ಮೇಷ್ಟ್ರೇ. ಕೈ ಸುಟ್ಟಾಗ್ಲೂ ಕೂಗ್ಲಿಲ್ಲ."

ಅವನು ಏನಾದರೂ ಹೇಳಬೇಕಾಗಿತ್ತು. ಕಾರಿಡಾರಿನ ಕೊನೆಯಲ್ಲಿ ಸಾಹೇಬರು ಸೀನಿದ್ದು ಕೇಳಿಸಿತು, ಮೇಡಂ ನಕ್ಕದ್ದು ಕೇಳಿಸಿತು. ಇಪ್ಪತ್ತು ವರ್ಷ ಮಕ್ಕಳ ಮುಂದೆ ನಿಂತ ಬಾಯಿ, ಸರಿಯಾದ ಉತ್ತರ ಕೊಟ್ಟ ಮಗುವಿಗೆ ಏನನ್ನುತ್ತಿತ್ತೋ ಅದನ್ನೇ ಅಂದುಬಿಟ್ಟಿತು.

"ಜಾಣೆ," ಅಂದ.

ಹುಡುಗಿಯ ಮುಖ ಅರಳಿತು. ಒಳಗೆ ಹೋಗಿ ಕಿಟಕಿಯ ಪಕ್ಕದ ತನ್ನ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.